ಕೂತವರ ಮೈಗೆ ಹೊಂದಬೇಕಾದ ಗಾಡಿ

ಚಿಕ್ಕಬಳ್ಳಾಪುರ ಜಿಲ್ಲೆಯ ನಗರಗೆರೆ ಸುತ್ತಿನ ಹಳ್ಳಿಗಳಲ್ಲಿ ಓಡಾಡಿದರೆ ಕೆಲವು ಮನೆಗಳ ಗೋಡೆಗೆ ಒರಗಿ ನಿಂತ, ಅಂಗವಿಕಲರು ಕೈಯಿಂದ ಓಡಿಸುವ ಮೂರು ಚಕ್ರದ ಸೈಕಲ್ ಕಣ್ಣಿಗೆ ಬೀಳುತ್ತದೆ. ಸೀಟಿನ ಮೇಲೆ ಹಿಂಡಿ ಚೀಲ, ಹಿಡಿಕೆಗೆ ಸುತ್ತಿಟ್ಟ ಹಗ್ಗ, ಹಿಂದಿನ ಒಂದು ಗಾಲಿಯಲ್ಲಿ ಗಾಳಿಯೇ ಇಲ್ಲ. ಬೆನ್ನಹಲಗೆಯ ಮೇಲೆ ಬರೆದ ಯೋಜನೆಯ ಹೆಸರು ಮಾತ್ರ ಇನ್ನೂ ಮಾಸಿಲ್ಲ. ‘ಯಾಕಣ್ಣ, ಗಾಡಿ ಓಡ್ಸಲ್ವಾ?’ ಎಂದು ಕೇಳಿದರೆ ಬರುವ ಉತ್ತರಗಳೂ ಹೆಚ್ಚುಕಮ್ಮಿ ಒಂದೇ ಬಗೆಯವು. ‘ಕೈ ಎಟಕಲ್ಲ.’ ‘ತೋಳು ಬಿದ್ದೋಗ್ತದೆ.’ ‘ಇಳಿಜಾರಲ್ಲಿ ನಿಲ್ಲಲ್ಲ.’ ‘ಒಂದ್ಸಲ ಮಗುಚ್ಕೊಂತು, ಆಮೇಲೆ ಮುಟ್ಟಿಲ್ಲ.’

ಇದನ್ನು ಕೇಳಿ ಸೋಮಾರಿತನ ಎನ್ನುವವರು ಒಮ್ಮೆ ಅದೇ ಸೀಟಿನಲ್ಲಿ ಕೂತು ಕೆರೆ ಏರಿಯ ತನಕ ಹೋಗಿ ಬರಬೇಕು. ಆ ನಾಲ್ಕು ಉತ್ತರಗಳೂ ಗಾಡಿಯ ಮೇಲಿನ ದೂರುಗಳು. ನಾಲ್ಕಕ್ಕೂ ಪರಿಹಾರವಿದೆ. ಗಾಡಿ ಹಂಚುವುದಕ್ಕೆ ನಮ್ಮಲ್ಲಿ ಇಲಾಖೆ ಇದೆ, ಶಿಬಿರ ಇದೆ, ಫಲಾನುಭವಿಗಳ ಪಟ್ಟಿ ಇದೆ. ಹಂಚಿದ ಗಾಡಿಯನ್ನು ಕೂರುವವರ ಅಳತೆಗೆ ಹೊಂದಿಸುವ, ಅದನ್ನು ನಮ್ಮ ರಸ್ತೆಗಳಲ್ಲಿ ಓಡಿಸಲು ಕಲಿಸುವ ಕೆಲಸ ಮಾತ್ರ ಯಾರ ಹೆಗಲಿಗೂ ಬಿದ್ದಿಲ್ಲ. ಹಾಗೆಂದು ಅದು ಭಾರಿ ಖರ್ಚಿನ ಕೆಲಸವೂ ಅಲ್ಲ. ಊರಿನ ಸೈಕಲ್ ಶಾಪಿನಲ್ಲಿ ಅರ್ಧ ದಿನ ಸಾಕು.

ಈ ಗಾಡಿಗಳು ಎಲ್ಲಿಂದ ಬರುತ್ತವೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಹೆಚ್ಚಿನ ಗಾಡಿಗಳನ್ನು ತಯಾರಿಸುವುದು 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ್ದೇ ಆದ ಅಲಿಮ್ಕೊ ಸಂಸ್ಥೆ. ಅದರ ಒಂದು ಘಟಕ ಬೆಂಗಳೂರಿನಲ್ಲೂ ಇದೆ. ರಾಜ್ಯದ ಇಲಾಖೆಯೂ ಕೊಡುತ್ತದೆ, ಗ್ರಾಮ ಪಂಚಾಯಿತಿಗಳೂ ಅಂಗವಿಕಲರಿಗೆ ಮೀಸಲಿಟ್ಟ ಶೇ 5ರ ಹಣದಲ್ಲಿ ಕೊಡಿಸುತ್ತವೆ. ಮೊದಲು ತಪಾಸಣೆಯ ಶಿಬಿರ, ತಿಂಗಳುಗಳು ಕಳೆದ ಮೇಲೆ ವಿತರಣೆಯ ಶಿಬಿರ. ವಿತರಣೆಯ ದಿನ ತಾಲ್ಲೂಕು ಕೇಂದ್ರದ ಮೈದಾನದಲ್ಲಿ ಸಾಲಾಗಿ ನಿಂತ ಹೊಸ ಗಾಡಿಗಳು, ಭಾಷಣ, ಫೋಟೊ. ಸಂಜೆ ಟೆಂಪೊದಲ್ಲಿ ಹೇರಿಕೊಂಡು ಊರಿಗೆ. ಕೂತವರ ತೋಳು ಎಷ್ಟು ಉದ್ದ, ಯಾವ ಕೈಗೆ ಬಲ ಹೆಚ್ಚು, ಪಾದಕ್ಕೆ ಸ್ಪರ್ಶಜ್ಞಾನ ಇದೆಯೇ ಎಂದು ಆ ದಿನ ಕೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ಒದಗಿಸುವ ಬಗ್ಗೆ ಮಾರ್ಗಸೂಚಿ ಹೊರತಂದಿತು. ನಮ್ಮಂಥ ಅನುಕೂಲ ಕಡಿಮೆ ಇರುವ ಕಡೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅದರಲ್ಲಿ ಎಂಟು ಹೆಜ್ಜೆಗಳಿವೆ. ಅರ್ಹರನ್ನು ಗುರುತಿಸಿ ಕಳಿಸುವುದರಿಂದ ಶುರುವಾಗಿ, ತಪಾಸಣೆ, ಯಾವ ಸಾಧನ ಎಂಬ ನಿರ್ಧಾರ, ಹಣ ಹೊಂದಿಸಿ ತರಿಸುವುದು, ಸಾಧನವನ್ನು ಸಜ್ಜುಗೊಳಿಸುವುದು ಆದ ಮೇಲೆ ಕೊನೆಯ ಮೂರು: ಮೈಗೆ ಹೊಂದಿಸುವುದು, ಬಳಸಲು ಕಲಿಸುವುದು, ಮತ್ತೆ ಮತ್ತೆ ನೋಡಿ ದುರಸ್ತಿ ಮಾಡುವುದು. ನಮ್ಮ ಹಳ್ಳಿಗಳಲ್ಲಿ ಬಿಟ್ಟುಹೋಗುತ್ತಿರುವುದು ಆ ಕೊನೆಯ ಮೂರೇ.

ಕೂತು ಕೈಯಿಂದ ಓಡಿಸುವ ಗಾಡಿಯ ಇತಿಹಾಸ ಸಣ್ಣದಲ್ಲ. ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡಾರ್ಫ್‌ನಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ಮಾಡುವವನಿದ್ದ. ಕಾಲುಗಳಲ್ಲಿ ಬಲವಿರಲಿಲ್ಲ. 17ನೇ ಶತಮಾನದಲ್ಲಿ, ಇನ್ನೂ ಸೈಕಲ್ಲೇ ಹುಟ್ಟಿರದ ಕಾಲದಲ್ಲಿ, ಗಡಿಯಾರದ ಹಲ್ಲುಚಕ್ರಗಳ ಅನುಭವವನ್ನೇ ಬಳಸಿ ತನಗಾಗಿ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿ ಕಟ್ಟಿಕೊಂಡ. ತನ್ನ ಮೈಯ ಅಳತೆ ತನಗೆ ಗೊತ್ತಿದ್ದುದರಿಂದ ಅದು ಅವನಿಗೆ ಹೊಂದಿರಲೇಬೇಕು. ಯುರೋಪು, ಅಮೆರಿಕಗಳಲ್ಲಿ ಇಂದು ಒರಗಿ ಕೂತು ಕಾಲಿನಿಂದ ತುಳಿಯುವ ತಗ್ಗಾದ ಮೂರು ಚಕ್ರದ ಸೈಕಲ್‌ಗಳಿವೆ. ವಯಸ್ಸಾದವರು, ಬೆನ್ನುನೋವಿನವರು, ಸಮತೋಲನ ಸಿಗದವರು ಇಷ್ಟಪಟ್ಟು ಓಡಿಸುತ್ತಾರೆ. ಕೊಂಡವರು ಮೊದಲು ಮಾಡುವುದು ಸೀಟಿನಿಂದ ಪೆಡಲಿಗೆ ಇರುವ ದೂರವನ್ನು ತಮ್ಮ ಕಾಲಿಗೆ ತಕ್ಕಂತೆ ಸರಿಪಡಿಸುವುದು. ಸರಿ ಹೊಂದುವ ತನಕ ರಸ್ತೆಗೆ ಇಳಿಯುವುದಿಲ್ಲ.

ಅಷ್ಟು ಕಾಳಜಿಗೆ ಕಾರಣವಿದೆ. ಸಾಮಾನ್ಯ ಸೈಕಲ್ಲಿನಲ್ಲಿ ಸೀಟು ಸ್ವಲ್ಪ ಎತ್ತರವಾದರೆ ನಾವು ಸೊಂಟ ಓರೆ ಮಾಡಿ ತುಳಿಯುತ್ತೇವೆ, ಹ್ಯಾಂಡಲ್ ದೂರವಾದರೆ ಮುಂದಕ್ಕೆ ಬಾಗುತ್ತೇವೆ, ಏರಿನಲ್ಲಿ ಎದ್ದು ನಿಲ್ಲುತ್ತೇವೆ. ಗಾಡಿಯ ಕೊರತೆಯನ್ನು ಮೈ ತುಂಬಿಕೊಡುತ್ತದೆ. ಬೆನ್ನು ಒರಗಿಸಿ ಕೂರುವ ಮೂರು ಚಕ್ರದಲ್ಲಿ ಸೊಂಟವೂ ಬೆನ್ನೂ ಇದ್ದಲ್ಲೇ ಇರುತ್ತವೆ. ಕೂತವರ ಕಾಲುಗಳಲ್ಲಿ ಬಲವಿಲ್ಲದಿದ್ದರೆ ಎದ್ದು ಸರಿದು ಕೂರುವುದೂ ಕಷ್ಟ. ಆದ್ದರಿಂದ ಗಾಡಿಯೇ ಜರುಗಿ ಮೈಯ ಹತ್ತಿರ ಬರಬೇಕು.

ನಮ್ಮ ಕಡೆ ಕಾಣುವ ಕೈಪೆಡಲ್ ಗಾಡಿಗಳು ಮುಖ್ಯವಾಗಿ ಎರಡು ಬಗೆಯವು. ಒಂದರಲ್ಲಿ ಎದೆಯ ಮುಂದೆ ಕಂಬ, ಅದರ ತಲೆಯಲ್ಲಿ ಎರಡೂ ಕೈಗೆ ಪೆಡಲ್, ಅಲ್ಲಿಂದ ಚೈನು ಇಳಿದು ಮುಂದಿನ ಚಕ್ರವನ್ನು ತಿರುಗಿಸುತ್ತದೆ, ಕಂಬವನ್ನು ಹೊರಳಿಸಿದರೆ ಗಾಡಿ ಹೊರಳುತ್ತದೆ. ಇನ್ನೊಂದರಲ್ಲಿ ಒಂದು ಪಕ್ಕದ ಪೆಡಲನ್ನು ಒಂದು ಕೈ ತಿರುಗಿಸುತ್ತದೆ, ಚೈನು ಹಿಂದಿನ ಚಕ್ರಕ್ಕೆ ಹೋಗುತ್ತದೆ, ಇನ್ನೊಂದು ಕೈ ದಿಕ್ಕು ಹಿಡಿಯುತ್ತದೆ. ಎರಡನೆಯ ಬಗೆಯಲ್ಲಿ ಬಲಗೈಯದು ಬೇರೆ, ಎಡಗೈಯದು ಬೇರೆ. ಪೋಲಿಯೊ ಬಲಗೈಯನ್ನೂ ಸ್ವಲ್ಪ ತಾಗಿರುವವರಿಗೆ ಬಲಗೈ ಗಾಡಿ ಬಂದರೆ ಅದನ್ನು ಯಾವ ಪಾನಾ ಹಿಡಿದರೂ ಸರಿಮಾಡಲಾಗದು. ತಪಾಸಣೆಯ ದಿನವೇ ‘ನಂಗೆ ಎಡಗೈ ಗಾಡಿ ಬೇಕು’ ಎಂದು ಹೇಳಿ, ಅರ್ಜಿಯಲ್ಲಿ ಬರೆಸಬೇಕು. ಮನೆಯವರು ಜತೆಗೆ ಹೋಗಿದ್ದರೆ ಈ ಒಂದು ಮಾತನ್ನು ಮರೆಯಬೇಡಿ.

ಹೊಂದಿಸುವ ಕೆಲಸ ಸೀಟಿನಿಂದಲೇ ಶುರುವಾಗಬೇಕು, ಪೆಡಲಿನಿಂದಲ್ಲ. ಸೀಟು ಅಲ್ಲಾಡಿದರೆ ಉಳಿದ ಯಾವ ಅಳತೆಯೂ ನಿಲ್ಲುವುದಿಲ್ಲ. ಕೂತಾಗ ಪೃಷ್ಠ ಬೆನ್ನಹಲಗೆಗೆ ತಾಗಬೇಕು, ತೊಡೆಯ ಬಹುಪಾಲು ಸೀಟಿನ ಮೇಲೆ ಇರಬೇಕು, ಮೊಣಕಾಲಿನ ಹಿಂಬದಿಗೆ ಸೀಟಿನ ಅಂಚು ಒತ್ತಬಾರದು. ಸೀಟು ಅಗಲವಾಗಿ ಮೈ ಒಂದು ಕಡೆಗೆ ಜಾರುತ್ತಿದ್ದರೆ ಎರಡೂ ಪಕ್ಕಕ್ಕೆ ಗಟ್ಟಿ ದಿಂಬು ತುಂಬಿ. ಮೆತ್ತೆಯ ವಿಷಯ ಅದಕ್ಕಿಂತ ದೊಡ್ಡದು. ಬೆನ್ನುಹುರಿಗೆ ಪೆಟ್ಟು ಬಿದ್ದ ಅನೇಕರಿಗೆ ಸೊಂಟದ ಕೆಳಗೆ ನೋವು ಗೊತ್ತಾಗುವುದಿಲ್ಲ. ತಗಡಿನ ಸೀಟಿನ ಮೇಲೆ ತೆಳ್ಳನೆಯ ರೆಕ್ಸಿನ್ ಹೊದಿಸಿದ್ದರೆ ಒಂದೇ ಜಾಗಕ್ಕೆ ಒತ್ತಡ ಬಿದ್ದು ರಕ್ತ ಹರಿಯುವುದು ನಿಂತು ಒತ್ತುಹುಣ್ಣು ಆಗುತ್ತದೆ. ಅದು ವಾಸಿಯಾಗಲು ತಿಂಗಳುಗಳೇ ಬೇಕು. ಕೆಲವರ ಜೀವಕ್ಕೇ ಕುತ್ತು ತಂದಿದೆ. ಕನಿಷ್ಠ ಎರಡು ಮೂರು ಇಂಚಿನ, ಒತ್ತಿದರೆ ತಳ ಮುಟ್ಟದ ಫೋಮ್ ಬೇಕು. ಪ್ರತಿ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಕೈಯೂರಿ ಮೈ ಎತ್ತಬೇಕು, ಇಲ್ಲವೇ ಎಡಕ್ಕೂ ಬಲಕ್ಕೂ ವಾಲಿ ಭಾರ ಬದಲಿಸಬೇಕು. ರಾತ್ರಿ ಮನೆಯವರೊಬ್ಬರು ಚರ್ಮ ಕೆಂಪಗಾಗಿದೆಯೇ ಎಂದು ನೋಡಬೇಕು. ಇನ್ನೊಂದು ಮಾತು: ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊರಗೆ ನಿಂತ ಗಾಡಿಯ ತಗಡು ಚರ್ಮ ಸುಡುವಷ್ಟು ಕಾಯುತ್ತದೆ. ಕೂರುವ ಮುಂಚೆ ನೋವು ಗೊತ್ತಾಗುವ ಕೈಯಿಂದ ಮುಟ್ಟಿ ನೋಡಲೇಬೇಕು.

ಸೀಟು ನಿಂತ ಮೇಲೆ ಪೆಡಲಿನ ದೂರ. ಬೆನ್ನನ್ನು ಹಲಗೆಗೆ ಒರಗಿಸಿಯೇ ಕೂತು ಪೆಡಲನ್ನು ಮೈಯಿಂದ ಅತ್ಯಂತ ದೂರದ ಜಾಗಕ್ಕೆ ತಿರುಗಿಸಿ. ಆಗ ಮೊಣಕೈ ಪೂರ್ತಿ ನೇರವಾದರೆ ದೂರ ಹೆಚ್ಚಾಯಿತು. ಮೊಣಕೈ ಇನ್ನೂ ತುಸು ಬಾಗಿರಬೇಕು. ಹತ್ತಿರದ ಜಾಗಕ್ಕೆ ಬಂದಾಗ ಹಿಡಿಕೆ ಎದೆಗೂ ಹೊಟ್ಟೆಗೂ ತಾಗಬಾರದು. ಎತ್ತರದ ಲೆಕ್ಕ ಇನ್ನೂ ಮುಖ್ಯ. ಪೆಡಲು ಸುತ್ತುವ ನಡುಬಿಂದು ಹೆಗಲಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ಅದಕ್ಕಿಂತ ಮೇಲಿದ್ದರೆ ಪ್ರತಿ ಸುತ್ತಿಗೂ ತೋಳು ಹೆಗಲ ಮೇಲಕ್ಕೆ ಏಳುತ್ತದೆ, ಹೆಗಲಿನ ಕೀಲು ಸವೆಯುತ್ತದೆ. ಕಾಲಿಲ್ಲದವರಿಗೆ ಹೆಗಲೇ ಕಾಲು. ಮಂಚದಿಂದ ಇಳಿಯುವುದಕ್ಕೂ ಬಚ್ಚಲಿಗೆ ಹೋಗುವುದಕ್ಕೂ ಅದೇ ಹೆಗಲು ಬೇಕು.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ, ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಪ್ರದೇಶ ಪೋಲಿಯೊ ಮುಕ್ತ ಎಂದು ದೃಢೀಕರಣವಾಯಿತು. ಆ ಸಹಜ ವೈರಸ್ಸಿನಿಂದ ಹೊಸದಾಗಿ ಪೋಲಿಯೊ ಆದ ಮಕ್ಕಳು ಇಲ್ಲ, ಅದು ದೊಡ್ಡ ಗೆಲುವು. ಆದರೆ ಹಿಂದೆ ಪೋಲಿಯೊ ಆದವರು ಈಗ ನಡುವಯಸ್ಸು ದಾಟುತ್ತಿದ್ದಾರೆ. ಬಾಲ್ಯದಿಂದ ಕೈಯೂರಿ, ಊರುಗೋಲು ಹಿಡಿದು, ಪೆಡಲು ತಿರುಗಿಸಿ ಸವೆದ ಹೆಗಲುಗಳು ಅವರವು. ಅವರ ಜತೆಗೆ ಹುಣಸೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದವರು, ಕಟ್ಟಡದ ಸಾರುವೆಯಿಂದ ಬಿದ್ದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಇದ್ದಾರೆ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದವರೂ ಇದ್ದಾರೆ. ಬಿಗಿದ ಮೊಣಕೈಗೂ ಸಡಿಲವಾದ ಮೊಣಕೈಗೂ ಒಂದೇ ಅಳತೆಯ ಗಾಡಿ ಹೇಗೆ ಹೊಂದೀತು?

ಕೆಲವು ಗಾಡಿಗಳಲ್ಲಿ ಸೀಟು ಹಿಂದೆ ಮುಂದೆ ಸರಿಸಲು ತೂತುಗಳಿರುತ್ತವೆ. ನಟ್ ಬಿಚ್ಚಿ ಒಂದು ತೂತು ಮುಂದಕ್ಕೆ ಹಾಕಿದರೆ ಮುಗಿಯಿತು. ಇಲ್ಲದ ಗಾಡಿಗೆ ಬೆನ್ನಿನ ಹಿಂದೆ ಗಟ್ಟಿ ಮೆತ್ತೆ ಕಟ್ಟಬೇಕು, ಇಲ್ಲವೇ ವೆಲ್ಡಿಂಗ್ ಅಂಗಡಿಗೆ ಒಯ್ದು ಸೀಟಿನ ಕೆಳಗೆ ಹೊಸ ತೂತಿನ ಪಟ್ಟಿ ಕೂರಿಸಬೇಕು. ಏನೇ ಮಾಡಿದರೂ ಓಡಿಸುವವರನ್ನು ಕೂರಿಸಿಕೊಂಡೇ ಮಾಡಿ. ಗಾಡಿಯನ್ನಷ್ಟೇ ಅಂಗಡಿಗೆ ಕಳಿಸಿ ‘ಸರಿ ಮಾಡ್ಕೊಡಣ್ಣ’ ಎಂದರೆ ಅದು ಮೆಕ್ಯಾನಿಕ್ಕಿನ ಅಳತೆಗೆ ಸರಿಯಾಗುತ್ತದೆ. ಅಂಗಡಿಯವರಿಗೂ ಮನೆಯವರಿಗೂ ಕೂತವರ ಮಾತೇ ಕೊನೆಯ ಮಾತಾಗಿರಬೇಕು.

ಇನ್ನು ಪಾದ. ಒರಗಿ ಕೂತು ತುಳಿಯುವ ಸೈಕಲ್ ಓಡಿಸುವವರಿಗೆ ಒಂದು ದೊಡ್ಡ ಭಯವಿದೆ. ಓಡುವಾಗ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಮುಂದಕ್ಕೆ ಹೋಗುತ್ತಾ ಕಾಲನ್ನು ತನ್ನ ಅಡಿಗೆ ಎಳೆದುಕೊಳ್ಳುತ್ತದೆ, ಮೂಳೆ ಮುರಿಯುತ್ತದೆ. ಅದಕ್ಕಾಗಿ ಅವರು ಪಾದವನ್ನು ಪೆಡಲಿಗೆ ಬಿಗಿಯುತ್ತಾರೆ. ನಮ್ಮ ಗಾಡಿಯಲ್ಲಿ ಪಾದ ತುಳಿಯುವುದಿಲ್ಲ, ಹಲಗೆಯ ಮೇಲೆ ಸುಮ್ಮನೆ ಇರುತ್ತದೆ. ಬಲವಿಲ್ಲದ ಕಾಲು ಹಳ್ಳ ದಿಣ್ಣೆಗೆ ಕುಲುಕಿ ಹಲಗೆಯಿಂದ ಹೊರಗೆ ಜಾರುವುದು ಸಾಮಾನ್ಯ. ಸ್ಪರ್ಶಜ್ಞಾನ ಇಲ್ಲದಿದ್ದರೆ ಬೆರಳು ಡಾಂಬರಿಗೆ ಉಜ್ಜುತ್ತಿರುವುದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕಾಲ್ಚೀಲದಲ್ಲಿ ರಕ್ತ ಕಂಡ ಮೇಲೆ ತಿಳಿಯುತ್ತದೆ. ಹಲಗೆಯ ಮುಂದಕ್ಕೂ ಪಕ್ಕಕ್ಕೂ ಎರಡು ಇಂಚಿನ ಅಂಚು ಕಟ್ಟಿಸಿ, ಹಿಮ್ಮಡಿಯ ಹಿಂದೆ ಮತ್ತು ಪಾದದ ಮೇಲೆ ಅಗಲವಾದ ಪಟ್ಟಿ ಹಾಕಿಸಿ. ತೆಳ್ಳಗಿನ ಹಗ್ಗ ಕಟ್ಟಬೇಡಿ, ಚರ್ಮ ಕೊರೆಯುತ್ತದೆ. ಬೂಟು, ಇಲ್ಲವಾದರೆ ಮುಂಭಾಗ ಮುಚ್ಚಿದ ಚಪ್ಪಲಿ ಇಲ್ಲದೆ ಹೊರಡಬೇಡಿ. ಮೈ ಮುಂದಕ್ಕೆ ಬೀಳುವವರಿಗೆ ಸೊಂಟಕ್ಕೊಂದು ಬೆಲ್ಟ್ ಬೇಕು. ಅದು ಒಂದೇ ಕೈಯಲ್ಲಿ ಬಿಚ್ಚಲು ಬರುವಂಥದ್ದಾಗಿರಲಿ.

ಸೀರೆಯ ಸೆರಗು, ಚೂಡಿದಾರದ ದುಪಟ್ಟಾ, ಪಂಚೆಯ ತುದಿ ಮೂರೂ ಹಿಂದಿನ ಗಾಲಿಯ ಕಡ್ಡಿಗಳಿಗೆ ಸಿಗುತ್ತವೆ. ಕೈ ಎರಡೂ ಪೆಡಲಿನ ಮೇಲಿರುವಾಗ ಬಟ್ಟೆ ಎಳೆದುಕೊಂಡರೆ ಬಿಡಿಸಿಕೊಳ್ಳಲು ಸಮಯವಿಲ್ಲ. ಸೈಕಲ್ ಅಂಗಡಿಯಲ್ಲಿ ಸಿಗುವ ಜಾಲರಿ ಗಾರ್ಡನ್ನು ಎರಡೂ ಗಾಲಿಗೆ, ಚೈನಿಗೆ ಒಂದು ತಗಡಿನ ಕವಚ ಹಾಕಿಸಿದರೆ ಚಿಂತೆ ಇಲ್ಲ.

ಅಂಗಡಿಯಲ್ಲಿ ಇನ್ನೂ ಕೆಲವು ಕೆಲಸಗಳಿವೆ. ಬಹಳ ಗಾಡಿಗಳಿಗೆ ಬ್ರೇಕ್ ಇರುವುದು ಮುಂದಿನ ಒಂದು ಚಕ್ರಕ್ಕೆ. ಕೂತವರ ಭಾರದ ಹೆಚ್ಚಿನ ಪಾಲು ಇರುವುದು ಹಿಂದಿನ ಎರಡರ ಮೇಲೆ. ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತದೆ, ಮಳೆ ಬಿದ್ದ ದಿನ ಮುಂದಿನ ಚಕ್ರ ಜಾರುತ್ತದೆ. ಹಿಂದಿನ ಒಂದು ಚಕ್ರಕ್ಕಾದರೂ ಬ್ರೇಕ್ ಕೂರಿಸಲು ಆಗುತ್ತದೆಯೇ ಎಂದು ಕೇಳಿ. ಬ್ರೇಕಿನ ಹಿಡಿ ಬಲವಾದ ಕೈಯ ಬೆರಳಿಗೆ, ಪೆಡಲಿನಿಂದ ಕೈ ದೂರ ಹೋಗದೆ ಸಿಗಬೇಕು. ಗಾಡಿಯನ್ನು ನಿಂತಲ್ಲೇ ಬಂಧಿಸುವ ಲಾಕ್ ಇಲ್ಲದಿದ್ದರೆ ಅದನ್ನು ಇಂದೇ ಹಾಕಿಸಿ. ಮಂಚದಿಂದ ಗಾಡಿಗೆ, ಗಾಡಿಯಿಂದ ಜಗಲಿಗೆ ಮೈ ಸರಿಸುವ ಆ ಒಂದು ಗಳಿಗೆಯಲ್ಲಿ ಚಕ್ರ ಉರುಳಿ ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದು ನಡೆಯುತ್ತದೆ. ಬಹುಕಾಲ ಬಳಸದ ಕಾಲಿನ ಮೂಳೆ ತೆಳುವಾಗಿರುತ್ತದೆ, ಸಣ್ಣ ಪೆಟ್ಟೂ ತಾಳದು. ಲಾಕ್ ಬರುವ ತನಕ ಎರಡು ಮರದ ಬೆಣೆಗಳನ್ನು ಹಗ್ಗದಲ್ಲಿ ಗಾಡಿಗೇ ಕಟ್ಟಿಕೊಂಡಿರಿ.

ಸೈಕಲ್ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಅದರ ಕಡ್ಡಿಗಳಿಗೆ ಅಡ್ಡಬಲ ಬೀಳುವುದು ಕಡಿಮೆ. ಮೂರು ಚಕ್ರದ ಗಾಡಿ ವಾಲುವುದಿಲ್ಲ. ಪ್ರತಿ ತಿರುವಿನ ಅಡ್ಡಬಲವನ್ನೂ ಚಕ್ರದ ಕಡ್ಡಿಗಳೇ ಹೊರುತ್ತವೆ. ಸಡಿಲವಾದ ಕಡ್ಡಿ ಮುರಿಯುತ್ತದೆ, ರಿಮ್ ಬೆಂಡಾಗುತ್ತದೆ. ಕಡ್ಡಿಗಳನ್ನು ಬಿಗಿಸಿ ಬೆಂಡು ತೆಗೆಸಿ. ಆಮೇಲೆ ಒಂದು ದಾರ ಹಿಡಿದು ಹಿಂದಿನ ಎರಡು ರಿಮ್‌ಗಳ ನಡುವಿನ ಅಂತರವನ್ನು ಮುಂಭಾಗದಲ್ಲೊಮ್ಮೆ ಹಿಂಭಾಗದಲ್ಲೊಮ್ಮೆ ಅಳೆಯಿರಿ. ಎರಡೂ ಒಂದೇ ಇರಬೇಕು. ವ್ಯತ್ಯಾಸ ಇದ್ದರೆ ಅಚ್ಚು ಬಾಗಿದೆ, ಟೈರು ಉಜ್ಜುತ್ತಾ ಓಡುತ್ತಿದೆ, ಆ ಉಜ್ಜುವಿಕೆಯ ಶ್ರಮವೆಲ್ಲ ತೋಳಿನದು. ಗಾಳಿ ಕಡಿಮೆ ಇದ್ದರೂ ಹಾಗೆಯೇ. ಟೈರಿನ ಪಕ್ಕದಲ್ಲಿ ಎಷ್ಟು ಗಾಳಿ ಎಂದು ಅಚ್ಚು ಹಾಕಿರುತ್ತಾರೆ, ಎರಡೂ ಹಿಂದಿನ ಗಾಲಿಗೆ ಸಮನಾಗಿ ಹೊಡೆಸಿ. ಒಂದರಲ್ಲಿ ಕಡಿಮೆಯಾದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಬೇಕಾದಷ್ಟಿರುವ ದಾರಿಗಳು ನಮ್ಮವು, ಪಂಪು ಮನೆಯಲ್ಲೇ ಇರಲಿ. ಏರು ಹತ್ತುವುದೇ ಆಗದು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಹಲ್ಲು ಹೆಚ್ಚಿರುವ ಫ್ರೀವೀಲ್ ಹಾಕಿಸಿದರೆ ವೇಗ ಕಡಿಮೆಯಾಗುತ್ತದೆ, ಪ್ರತಿ ಸುತ್ತು ಹಗುರವಾಗುತ್ತದೆ. ಹೆಚ್ಚಿನವರಿಗೆ ಬೇಕಾಗಿರುವುದು ಅದೇ.

ಮಗುಚುವ ಭಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೂರು ಚಕ್ರ ಇದೆ, ಬೀಳುವುದಿಲ್ಲ ಎಂಬ ನಂಬಿಕೆಯೇ ಬೀಳಿಸುತ್ತದೆ. ಗಾಡಿ ನೆಲಕ್ಕೆ ತಾಗುವ ಮೂರು ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ತ್ರಿಕೋನ ಆಗುತ್ತದೆ. ಮೈಯ ಮತ್ತು ಗಾಡಿಯ ಒಟ್ಟು ಭಾರ ಆ ತ್ರಿಕೋನದೊಳಗೆ ಬೀಳುವ ತನಕ ಗಾಡಿ ನಿಲ್ಲುತ್ತದೆ. ಮುಂದೆ ಒಂದೇ ಚಕ್ರ ಇರುವುದರಿಂದ ತ್ರಿಕೋನ ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ಭಾರ ಹಿಂದಿನ ಅಚ್ಚಿನ ಹತ್ತಿರ, ನೆಲಕ್ಕೆ ತಗ್ಗಾಗಿ ಇದ್ದಷ್ಟೂ ಕ್ಷೇಮ. ಎತ್ತರವಾದಷ್ಟೂ ಮುಂದಕ್ಕೆ ಬಂದಷ್ಟೂ ಅಪಾಯ. ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ಇದಕ್ಕೆ ಸೇರುತ್ತದೆ, ವೇಗ ಎರಡರಷ್ಟಾದರೆ ಆ ಬಲ ನಾಲ್ಕರಷ್ಟಾಗುತ್ತದೆ. ಹಿಂದಿನ ಗಾಲಿಗಳ ಅಂತರ 75 ಸೆಂ.ಮೀ. ಇದ್ದು, ಒಟ್ಟು ಭಾರದ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿ, ಅಚ್ಚಿಗಿಂತ ಸ್ವಲ್ಪ ಮುಂದಿದೆ ಎಂದಿಟ್ಟುಕೊಳ್ಳಿ. 3 ಮೀಟರ್ ತ್ರಿಜ್ಯದ ಬಿಗಿಯಾದ ತಿರುವಿನಲ್ಲಿ ಗಂಟೆಗೆ ಸುಮಾರು 12 ಕಿ.ಮೀ. ವೇಗಕ್ಕೇ ಒಳಗಿನ ಗಾಲಿ ನೆಲ ಬಿಡುತ್ತದೆ. ಓಡುತ್ತಿರುವ ಹುಡುಗನ ವೇಗ ಅದು.

ಈಗ ಇಳಿಜಾರಿನ ಲೆಕ್ಕ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿ ಕಣ್ಣಿಗೆ ಇಳಿಜಾರು ಎಂದು ಅನಿಸುವುದೂ ಕಷ್ಟ. ಅಲ್ಲಿ 50 ಮೀಟರ್ ಬ್ರೇಕ್ ಹಿಡಿಯದೆ ಬಿಟ್ಟರೆ ವೇಗ ಗಂಟೆಗೆ 20 ಕಿ.ಮೀ. ಮುಟ್ಟುತ್ತದೆ. ನಮ್ಮ ಬಯಲುಸೀಮೆಯ ಅನೇಕ ಊರುಗಳಿಗೆ ದಾರಿ ಕೆರೆ ಏರಿಯ ಮೇಲಿಂದ. ಏರಿ ಮುಗಿಯುವಲ್ಲಿ ರಸ್ತೆ ಇಳಿಯುತ್ತದೆ, ಇಳಿಯುತ್ತಲೇ ಊರಿನ ಕಡೆಗೆ ತಿರುಗುತ್ತದೆ. ಮೇಲಿನ ಎರಡು ಲೆಕ್ಕಗಳನ್ನು ಜೋಡಿಸಿದರೆ ಗಾಡಿ ಎಲ್ಲಿ ಮಗುಚುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಇಳಿಜಾರು ಶುರುವಾಗುವ ಮುಂಚೆಯೇ ಬ್ರೇಕ್ ಹಿಡಿದು, ಕೊನೆಯ ತನಕ ನಡಿಗೆಯ ವೇಗದಲ್ಲೇ ಇಳಿಯಬೇಕು. ವೇಗ ಬಂದ ಮೇಲೆ ಹಿಡಿದರೆ ಬ್ರೇಕ್ ರಬ್ಬರ್ ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿನಲ್ಲಿ ಮೈಯನ್ನು ತಿರುವಿನ ಒಳಕ್ಕೆ ವಾಲಿಸುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಸರ್ಕಾರಿ ಶಾಲೆಯ ಆಟದ ಬಯಲು ಸಂಜೆ ಹೊತ್ತಿಗೆ ಅದಕ್ಕೆ ಚೆನ್ನ. ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರು ಅದನ್ನು ಹಿಡಿಕೆಗೆ ನೇತುಹಾಕದೆ ಸೀಟಿನ ಹಿಂದೆ, ಅಚ್ಚಿನ ಮೇಲೆ, ತಗ್ಗಾಗಿ ಕಟ್ಟಿಕೊಳ್ಳಿ.

ಪುಟ್ಟ ಮಕ್ಕಳು ಹಿಂದಿನಿಂದ ತಳ್ಳಲು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ‘ತಳ್ಳಿ, ಆದ್ರೆ ಓಡ್ಬೇಡಿ, ನಿಲ್ಸು ಅಂದ್ರೆ ನಿಲ್ಸಿ’ ಎಂದು ಮೊದಲೇ ಹೇಳಿಬಿಡಬೇಕು. ವೇಗ ಎಷ್ಟಿರಬೇಕು ಎಂಬ ತೀರ್ಮಾನ ಬ್ರೇಕ್ ಹಿಡಿದವರದೇ ಆಗಿರಬೇಕು.

ರಸ್ತೆಗೆ ಇಳಿದ ಮೇಲೆ ಸೈಕಲ್ ಅಭ್ಯಾಸ ಇರುವವರೂ ಒಂದು ಸಂಗತಿಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಸೈಕಲ್ಲಿಗೆ ಒಂದೇ ಜಾಡು, ಈ ಗಾಡಿಗೆ ಮೂರು. ಮುಂದಿನ ಚಕ್ರ ಗುಂಡಿ ತಪ್ಪಿಸಿಕೊಂಡಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನದು ಅದೇ ಗುಂಡಿಗೆ ಇಳಿಯುತ್ತದೆ. ತಪ್ಪಿಸಲಾಗದ ಗುಂಡಿಗೆ ನಿಧಾನವಾಗಿ, ನೇರವಾಗಿ ಇಳಿದು ನೇರವಾಗಿ ಹತ್ತುವುದೇ ಸರಿ. ಹಂಪ್‌ಗಳದೂ ಅದೇ ನಿಯಮ. ಹಂಪಿನ ಪಕ್ಕದ ಸಂದಿಯಲ್ಲಿ ಬೈಕುಗಳು ನುಸುಳುತ್ತವೆ. ನೀವು ನುಸುಳಿದರೆ ಒಂದು ಗಾಲಿ ಹಂಪಿನ ಮೇಲೆ, ಇನ್ನೊಂದು ತಗ್ಗಿನಲ್ಲಿ. ಡಾಂಬರಿನ ಅಂಚಿನಿಂದ ಮಣ್ಣಿಗೆ ನಾಲ್ಕಾರು ಇಂಚು ಇಳಿಮುಖ ಇರುವ ಕಡೆ ಇನ್ನೂ ಜೋಕೆ. ಹಿಂದೆ ಬಸ್ಸು ಹಾರ್ನ್ ಹೊಡೆಯಿತೆಂದು ಗಾಬರಿಯಿಂದ ಎಡಗಾಲಿಯನ್ನು ಕೆಳಗಿಳಿಸಿದರೆ ಗಾಡಿ ಆ ಕಡೆಗೆ ಮಲಗುತ್ತದೆ. ರಸ್ತೆಯ ಮೇಲೆ ಇರಲು ನಿಮಗೂ ಹಕ್ಕಿದೆ. ಎರಡೂ ಹಿಂದಿನ ಗಾಲಿ ಡಾಂಬರಿನ ಮೇಲೇ ಇರುವಂತೆ ಒಂದು ಗೇಣು ಒಳಗೆ ಓಡಿಸಿ, ಅಂಚು ಸಮನಾಗಿರುವ ಜಾಗ ಬಂದಾಗ ಬಿಟ್ಟುಕೊಡಿ.

ನವೆಂಬರ್, ಡಿಸೆಂಬರ್ ಬಂತೆಂದರೆ ನಮ್ಮ ರಸ್ತೆಗಳೇ ಕಣಗಳಾಗುತ್ತವೆ. ರಾಗಿ ತೆನೆ, ಹುರುಳಿ, ಅವರೆ ಎಲ್ಲವನ್ನೂ ಡಾಂಬರಿನ ಮೇಲೆ ಹರಡಿ ವಾಹನಗಳ ಕೈಯಲ್ಲಿ ತುಳಿಸುತ್ತಾರೆ. ರೈತರ ಕಷ್ಟ ಗೊತ್ತಿದೆ, ಕಣ ಮಾಡಲು ಜಾಗವೂ ಇಲ್ಲ, ಆಳೂ ಸಿಗುವುದಿಲ್ಲ. ಆದರೆ ಹುರುಳಿ ಸೊಪ್ಪು ಚೈನಿಗೆ, ಗಾಲಿಯ ಅಚ್ಚಿಗೆ ಸುತ್ತಿಕೊಂಡರೆ ಕೈಗಾಡಿ ಅಲ್ಲೇ ನಿಲ್ಲುತ್ತದೆ. ಕಾಳಿನ ಮೇಲೆ ಮುಂದಿನ ಚಕ್ರ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇಳಿದು ತಳ್ಳಿಕೊಂಡು ಹೋಗುವ ಅವಕಾಶ ಗಾಡಿಯಲ್ಲಿ ಕೂತವರಿಗೆ ಇಲ್ಲ. ಒಕ್ಕಣೆ ಹಾಕುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಒಂದು ಪಕ್ಕದಲ್ಲಿ ನಾಲ್ಕೈದು ಅಡಿ ಅಗಲ ಬಿಡಿ. ಸಂಜೆ ಒಕ್ಕಣೆಯ ಸುತ್ತ ಇಟ್ಟ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ.

ಕತ್ತಲಾದ ಮೇಲೆ ಓಡಿಸದಿರುವುದೇ ಮೇಲು. ಹಾಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಚಳಿಗಾಲದಲ್ಲಿ ಬೆಳಗಿನ ಡೇರಿಯ ಹೊತ್ತಿಗೆ ಇನ್ನೂ ಮಂಜು, ಕತ್ತಲು. ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳ ಜತೆಗೆ ರಸ್ತೆ ಹಂಚಿಕೊಳ್ಳಬೇಕು. ಬೆನ್ನಹಲಗೆಯ ಹಿಂಭಾಗಕ್ಕೆ ಅಗಲವಾದ ಕೆಂಪು ರೇಡಿಯಂ ಪಟ್ಟಿ, ಎರಡೂ ಹಿಂದಿನ ಮಡ್‌ಗಾರ್ಡಿನ ತುದಿಗೆ ಒಂದೊಂದು ರಿಫ್ಲೆಕ್ಟರ್, ಮುಂದಕ್ಕೆ ಬಿಳಿಯದು. ಎರಡೂ ತುದಿಗೆ ಇದ್ದರೆ ಗಾಡಿಯ ಅಗಲ ಹಿಂದಿನವರಿಗೆ ತಿಳಿಯುತ್ತದೆ, ನಡುವೆ ಒಂದೇ ಇದ್ದರೆ ಬೈಕೆಂದುಕೊಂಡು ಒತ್ತಿಕೊಂಡು ಬರುತ್ತಾರೆ. ಜೋಳ ಎದೆಯುದ್ದ ಬೆಳೆದ ಹೊಲಗಳ ನಡುವಿನ ತಿರುವುಗಳಲ್ಲಿ ಕೂತವರ ತಲೆ ಕಾಣುವುದಿಲ್ಲ. ಬಿದಿರು ಕಡ್ಡಿಗೆ ಗಾಢ ಬಣ್ಣದ ಬಟ್ಟೆ ಕಟ್ಟಿ ಆರು ಅಡಿ ಎತ್ತರಕ್ಕೆ ನಿಲ್ಲಿಸಿ. ಒರಗಿ ಕೂರುವ ಸೈಕಲ್ಲಿನವರಲ್ಲಿ ಅನೇಕರು ಮಾಡುವುದು ಇದನ್ನೇ. ಪೆಡಲಿನ ಮೇಲೆ ಎರಡೂ ಕೈ ಇರುವಾಗ ತಿರುಗುವ ಸನ್ನೆ ಮಾಡಲಾಗದು. ನಿಂತು, ಹಿಂದೆ ನೋಡಿ, ಸನ್ನೆ ಮಾಡಿ, ಆಮೇಲೆ ತಿರುಗಿಸಿ. ಹಿಂದೆ ನೋಡಲು ಕತ್ತು ಹೊರಳದವರಿಗೆ ಬೈಕಿನ ಕನ್ನಡಿಯೊಂದನ್ನು ಬಲಕ್ಕೆ ಹಾಕಿಸಿ. ಹೆದ್ದಾರಿಯಲ್ಲಿ, ಮುಖ್ಯವಾಗಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿಗಳನ್ನು ಸೇರಿಸುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ, ಕೈಗಾಡಿಯಲ್ಲಿ ದೂರ ಹೋಗಬೇಡಿ ಎಂದೇ ನನ್ನ ಸಲಹೆ.

ಬ್ಯಾಟರಿ ಗಾಡಿಗಳು, ಪಕ್ಕಕ್ಕೆ ಚಕ್ರ ಜೋಡಿಸಿದ ಸ್ಕೂಟರುಗಳು ಈಗ ಬರುತ್ತಿವೆ. ಸವೆದ ಹೆಗಲಿಗೆ ಅವು ದೊಡ್ಡ ಆಸರೆ. ಆದರೆ ಸೀಟು, ಮೆತ್ತೆ, ಪಾದದ ಪಟ್ಟಿ, ಲಾಕ್ ಇವುಗಳಲ್ಲಿ ಯಾವುದನ್ನೂ ಮೋಟಾರು ಮನ್ನಾ ಮಾಡುವುದಿಲ್ಲ. ವೇಗ ಹೆಚ್ಚಿರುವುದರಿಂದ ತಿರುವಿನ ಲೆಕ್ಕ ಇನ್ನೂ ಕಟುವಾಗುತ್ತದೆ.

ಇಷ್ಟನ್ನೂ ಮಾಡಿಸಲು ಹಣ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಊರಿನಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಸಾರಿಗೆಯ ಬಗ್ಗೆ ಹೇಳುವಾಗ ಸಹಾಯಧನ, ರಿಯಾಯಿತಿಗಳ ಜತೆಗೆ ವಾಹನಗಳನ್ನು ಬಳಸುವವರಿಗೆ ತಕ್ಕಂತೆ ಮಾರ್ಪಡಿಸುವುದಕ್ಕೂ ಸರ್ಕಾರ ಯೋಜನೆ ರೂಪಿಸಬೇಕು ಎನ್ನುತ್ತದೆ. ಪಂಚಾಯಿತಿಯ ಶೇ 5ರ ಹಣದಲ್ಲಿ ಹೊಸ ಗಾಡಿ ಕೊಡಿಸಿದರೆ ಫೋಟೊ ಬರುತ್ತದೆ, ಹಳೆಯ ಗಾಡಿಯ ಅಚ್ಚು ನೇರ ಮಾಡಿಸಿದರೆ ಬರುವುದಿಲ್ಲ. ಆದರೂ ಹತ್ತು ಹಳೆಯ ಗಾಡಿಗಳನ್ನು ಸರಿಮಾಡಿಸುವ ಖರ್ಚು ಒಂದು ಹೊಸ ಗಾಡಿಯ ಬೆಲೆಯ ಆಸುಪಾಸಿನಲ್ಲೇ ಮುಗಿಯಬಹುದು. ಪ್ರತಿ ಗ್ರಾಮ ಪಂಚಾಯಿತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ಕರ್ನಾಟಕದಲ್ಲಿದೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಯಾರ ಮನೆಯಲ್ಲಿ ಗಾಡಿ ಧೂಳು ತಿನ್ನುತ್ತಿದೆ ಎಂಬುದು ಅವರಿಗೆ ಗೊತ್ತು. ಅಳತೆ ನೋಡುವುದನ್ನು ಕಲಿಸಬಲ್ಲ ಸಂಸ್ಥೆಗಳೂ ದೂರದಲ್ಲಿಲ್ಲ. 1959ರಲ್ಲಿ ಶುರುವಾದ ಎಪಿಡಿ, 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಎರಡೂ ಬೆಂಗಳೂರಿನಲ್ಲೇ ಇವೆ.

ನಗರಗೆರೆಯಂಥ ಹೋಬಳಿ ಕೇಂದ್ರದಲ್ಲಿ ಸಂತೆಗೋ ಬ್ಯಾಂಕಿಗೋ ಜನ ಹೇಗೂ ಬರುತ್ತಾರೆ. ಸುತ್ತಿನ ಪಂಚಾಯಿತಿಗಳು ಸೇರಿ ವರ್ಷಕ್ಕೆ ಎರಡು ದಿನ ಗೊತ್ತು ಮಾಡಿ ಎಲ್ಲ ಗಾಡಿಗಳನ್ನೂ ಅವುಗಳ ಒಡೆಯರ ಸಮೇತ ಕರೆಸಲಿ. ಒಬ್ಬ ಸೈಕಲ್ ಮೆಕ್ಯಾನಿಕ್, ಒಬ್ಬ ವೆಲ್ಡಿಂಗಿನವರು, ಅಳತೆ ಬಲ್ಲ ಒಬ್ಬರು ಇದ್ದರೆ ಸಾಕು. ಕೂಲಿಯನ್ನು ಪಂಚಾಯಿತಿ ಕೊಡಲಿ. ಕಡ್ಡಿ ಬಿಗಿದ ಚಕ್ರ ಓಡುತ್ತಾ ಓಡುತ್ತಾ ಮತ್ತೆ ಸಡಿಲವಾಗುತ್ತದೆ, ಹೊಸ ಚೈನು ಮೊದಲ ವಾರಗಳಲ್ಲೇ ಉದ್ದವಾಗುತ್ತದೆ, ಪಾದದ ಪಟ್ಟಿ ಎಲ್ಲಿ ಒತ್ತುತ್ತಿದೆ ಎಂಬುದೂ ಬಳಸಿದ ಮೇಲೆಯೇ ತಿಳಿಯುವುದು. ಆದ್ದರಿಂದ ಆ ದಿನ ಸರಿಪಡಿಸಿದ ಪ್ರತಿ ಗಾಡಿಯನ್ನೂ ಒಂದು ತಿಂಗಳಾದ ಮೇಲೆ ಪುನರ್ವಸತಿ ಕಾರ್ಯಕರ್ತರು ಮನೆಗೇ ಹೋಗಿ ಇನ್ನೊಮ್ಮೆ ನೋಡಬೇಕು.